ಸಿಸ್ಟರಿಗೆ ಗೊತ್ತಿತ್ತು, ಚೀಟಿ ಬರೆಯುವ ಅಧಿಕಾರ ಇರಲಿಲ್ಲ

ನಮ್ಮ ಚಿಕ್ಕಮ್ಮನಿಗೆ ಮುಟ್ಟು ನಿಂತು ಎಂಟು ವರ್ಷ ಆಗಿತ್ತು. ಒಂದು ದಿನ ಸೀರೆಗೆ ರಕ್ತದ ಕಲೆ ಆಯಿತು. ಬಿಸಿಲಿಗೆ ಉಷ್ಣ ಆಗಿರಬೇಕು ಅಂತ ಮೆಂತ್ಯ ನೆನೆಸಿ ಕುಡಿದರು, ಯಾರಿಗೂ ಹೇಳಲಿಲ್ಲ. ಮೂರು ವಾರ ಬಿಟ್ಟು ಮತ್ತೆ ಆಯಿತು. ತಿಂಗಳ ಬಿಪಿ ಮಾತ್ರೆ ತರಲು ಆಸ್ಪತ್ರೆಗೆ ಹೋದಾಗ ಅಲ್ಲಿದ್ದ ಸ್ಟಾಫ್ ನರ್ಸ್ ಹತ್ತಿರ ಮೆಲ್ಲಗೆ ಹೇಳಿದರು. ಡಾಕ್ಟರ್ ಎದುರು ಬಾಯಿ ಬರುವುದಿಲ್ಲ, ಸಿಸ್ಟರ್ ಆದರೆ ಪರವಾಗಿಲ್ಲ ಅಂತ.

ಸಿಸ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರಂತೆ. "ಅಮ್ಮಾ, ಮುಟ್ಟು ನಿಂತ ಮೇಲೆ ಒಂದು ಹನಿ ಹೋದರೂ ಸುಮ್ನೆ ಬಿಡಬಾರದು. ಸ್ಕ್ಯಾನ್ ಆಗಬೇಕು, ತಡ ಮಾಡಬೇಡಿ" ಅಂದರು. ಆದರೆ ಸ್ಕ್ಯಾನಿಗೆ ಚೀಟಿ ಬರೆಯಬೇಕಾದವರು ಡಾಕ್ಟರ್. ಡಾಕ್ಟರ್ ಆ ದಿನ ಮೀಟಿಂಗಿಗೆ ಹೋಗಿದ್ದರು. ಮುಂದಿನ ವಾರ ಸಿಕ್ಕವರು ಬೇರೆ ಡಾಕ್ಟರ್. ಹೊರಗೆ ಉದ್ದ ಸಾಲು. ರಕ್ತ ನಿಲ್ಲುವ ಮಾತ್ರೆ ಬರೆದುಕೊಟ್ಟರು. ರಕ್ತ ನಿಂತಿತು. ಎರಡು ತಿಂಗಳಿಗೆ ಮತ್ತೆ ಶುರುವಾಯಿತು. ತಾಲ್ಲೂಕು ಆಸ್ಪತ್ರೆಗೆ ಹೋದರೆ ಹೆಂಗಸರ ಡಾಕ್ಟರ್ ಹುದ್ದೆಯೇ ಖಾಲಿ. ಒಂದು ಖಾಸಗಿ ನರ್ಸಿಂಗ್ ಹೋಂನಲ್ಲಿ ಇನ್ನೊಂದು ಮಾತ್ರೆ. ಕಡೆಗೆ ಬೆಂಗಳೂರು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬರುವ ಹೊತ್ತಿಗೆ ಮೊದಲ ಕಲೆ ಕಂಡು ಏಳು ತಿಂಗಳು ಕಳೆದಿತ್ತು.

ಆ ಏಳು ತಿಂಗಳಲ್ಲಿ ಸರಿಯಾದ ಮಾತು ಮೊದಲು ಆಡಿದವರು ಆ ಸಿಸ್ಟರ್. ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಂದು ಚೀಟಿಯಾಗಿ ಬರೆಯಲು ಆಗಲಿಲ್ಲ, ಅಷ್ಟೇ. ಕ್ಯಾನ್ಸರ್ ಅನುಮಾನ ಇರುವವರನ್ನು ನರ್ಸ್‌ಗಳೇ ನೋಡಿ, ಪರೀಕ್ಷೆ ಮಾಡಿ, ಇದೆ ಅಥವಾ ಇಲ್ಲ ಅಂತ ತೀರ್ಮಾನದವರೆಗೆ ಕರೆದೊಯ್ಯುವ ಕ್ಲಿನಿಕ್‌ಗಳ ಬಗ್ಗೆ ನಾನು ಓದಲು ಶುರುಮಾಡಿದ್ದು ಅದಾದ ಮೇಲೆ.

ಇದೇ ಮಾತನ್ನು ಇಂಗ್ಲೆಂಡಿನ ಹೆಂಗಸೊಬ್ಬರು ಹೇಳಿದ್ದರೆ ಏನಾಗುತ್ತಿತ್ತು ನೋಡೋಣ. ಅಲ್ಲಿ ಮೊದಲು ಹೋಗುವುದು ಜಿಪಿ ಹತ್ತಿರ, ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ. ಅವರು "ಕ್ಯಾನ್ಸರ್ ಅನುಮಾನ, ತುರ್ತು" ಅಂತ ಆಸ್ಪತ್ರೆಗೆ ಕಳಿಸುತ್ತಾರೆ. ಆಸ್ಪತ್ರೆಯಲ್ಲಿ ಮುಟ್ಟು ನಿಂತ ಮೇಲೆ ರಕ್ತ ಹೋಗುವವರಿಗಾಗಿಯೇ ಒಂದು ಕ್ಲಿನಿಕ್ ಇರುತ್ತದೆ. ಹಲವು ಕಡೆ ಅದನ್ನು ನಡೆಸುವವರು ಆ ಕೆಲಸಕ್ಕೆ ವಿಶೇಷ ತರಬೇತಿ ಪಡೆದ ನರ್ಸ್.

ಅವರು ಮೊದಲು ಕೂರಿಸಿ ಮಾತಾಡಿಸುತ್ತಾರೆ. ಯಾವಾಗಿಂದ, ಎಷ್ಟು ಸಲ, ಶುಗರ್ ಇದೆಯಾ, ಹಾರ್ಮೋನ್ ಮಾತ್ರೆ ತಗೊಳ್ಳುತ್ತಿದ್ದೀರಾ, ಸ್ತನ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ತಗೊಂಡಿದ್ದೀರಾ. ಆಮೇಲೆ ಯೋನಿಯ ಮೂಲಕ ಸ್ಕ್ಯಾನ್ ಮಾಡಿ ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ಅಂತ ಅಳೆಯುತ್ತಾರೆ. ಸಾಮಾನ್ಯವಾಗಿ 4 ಮಿಲಿಮೀಟರ್ ಗೆರೆ. ಒಂದು ಅಕ್ಕಿ ಕಾಳಿನ ಉದ್ದವೂ ಇಲ್ಲ. ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತುಂಬಾ ಕಡಿಮೆ. ದಪ್ಪ ಇದ್ದರೆ ಪೈಪೆಲ್ ಅನ್ನುವ ಪ್ಲಾಸ್ಟಿಕ್ ನಳಿಕೆ ಹಾಕಿ ಚೂರು ಪದರ ಎಳೆದುಕೊಳ್ಳುತ್ತಾರೆ. ಜ್ಯೂಸ್ ಕುಡಿಯುವ ಸ್ಟ್ರಾಗಿಂತ ಸಣ್ಣ ನಳಿಕೆ ಅದು. ಮುಟ್ಟಿನ ಹೊಟ್ಟೆನೋವಿನ ಹಾಗೆ ಹಿಂಡುತ್ತದೆ, ಕೆಲವರಿಗೆ ಜೋರಾಗಿಯೇ. ಬೇಕಾದರೆ ಸಣ್ಣ ಕ್ಯಾಮೆರಾ ಹಾಕಿ ಒಳಗೆ ನೋಡುತ್ತಾರೆ. ಇದನ್ನೂ ಕಲಿತ ನರ್ಸ್‌ಗಳು ಅಲ್ಲಿದ್ದಾರೆ. ತೆಗೆದ ಚೂರು ಲ್ಯಾಬಿಗೆ ಹೋಗುತ್ತದೆ. ಹೊರಡುವಾಗ ಹೆಂಗಸಿನ ಕೈಯಲ್ಲಿ ಒಂದು ಫೋನ್ ನಂಬರ್ ಇರುತ್ತದೆ. ಆ ನಂಬರಿನ ಆಚೆ ಅವರ ಹೆಸರು ಗೊತ್ತಿರುವ ಒಬ್ಬ ನರ್ಸ್ ಇರುತ್ತಾರೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಆಗಬೇಕು. ನರ್ಸ್ ನಡೆಸುವ ಕ್ಲಿನಿಕ್ ಅಂದರೆ ಡಾಕ್ಟರೇ ಇಲ್ಲದ ಕ್ಲಿನಿಕ್ ಅಲ್ಲ. ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು ಪೆಥಾಲಜಿಸ್ಟ್. ಕ್ಯಾನ್ಸರ್ ಅಂತ ಬಂದರೆ ಚಿಕಿತ್ಸೆ ಹೇಗೆ ಅಂತ ಸರ್ಜನ್, ರೇಡಿಯಾಲಜಿಸ್ಟ್, ಕ್ಯಾನ್ಸರ್ ತಜ್ಞರು ಸೇರಿ ಮಾತಾಡಿ ನಿರ್ಧರಿಸುತ್ತಾರೆ. ಗೊಂದಲ ಆದಾಗ ಕೇಳಲು ತಜ್ಞ ಡಾಕ್ಟರ್ ಇದ್ದೇ ಇರುತ್ತಾರೆ. ನರ್ಸ್ ಕೈಯಲ್ಲಿರುವುದು ಅನುಮಾನದಿಂದ ಉತ್ತರದವರೆಗಿನ ದಾರಿ. ಯಾವ ಪರೀಕ್ಷೆ ಬೇಕು ಅಂತ ಬರೆಯುವ ಅಧಿಕಾರ, ಅದನ್ನು ತಾವೇ ಮಾಡುವ ಕೈ, "ನಿಮಗೆ ಏನೂ ಇಲ್ಲ, ಮನೆಗೆ ಹೋಗಿ" ಅಂತ ಹೇಳುವ ಹಕ್ಕು. ಮೂರೂ ಬೇಕು. ಒಂದು ಕಿತ್ತುಕೊಂಡರೂ ಅದು ನರ್ಸ್ ನಡೆಸುವ ಕ್ಲಿನಿಕ್ ಅಲ್ಲ. ಡಾಕ್ಟರ್ ಕ್ಲಿನಿಕ್‌ನಲ್ಲಿ ನರ್ಸ್ ದುಡಿಯುತ್ತಿದ್ದಾರೆ, ಅಷ್ಟೇ.

ಇಂಗ್ಲೆಂಡ್ ಈ ದಾರಿ ಹಿಡಿದದ್ದು ಔದಾರ್ಯದಿಂದ ಅಲ್ಲ, ಇಕ್ಕಟ್ಟಿನಿಂದ. 2000ದ ಹೊತ್ತಿಗೆ ಅಲ್ಲಿ ಒಂದು ನಿಯಮ ಬಂತು. ಕ್ಯಾನ್ಸರ್ ಅನುಮಾನ ಅಂತ ಕಳಿಸಿದವರನ್ನು ಎರಡು ವಾರದೊಳಗೆ ಆಸ್ಪತ್ರೆಯಲ್ಲಿ ನೋಡಬೇಕು. 2023ರ ಅಕ್ಟೋಬರಿನಲ್ಲಿ ಅದನ್ನು ಕೈಬಿಟ್ಟರು. ಈಗಿನ ನಿಯಮದಲ್ಲಿ ಸುಮ್ನೆ ನೋಡಿದರೆ ಸಾಲದು, 28 ದಿನದೊಳಗೆ ಇದೆಯೋ ಇಲ್ಲವೋ ಅಂತ ಹೇಳಿ ಮುಗಿಸಬೇಕು. ಹೀಗೆ ತುರ್ತಾಗಿ ಕಳಿಸುವವರ ಸಂಖ್ಯೆ ಈಗ ವರ್ಷಕ್ಕೆ 30 ಲಕ್ಷದ ಹತ್ತಿರ ಇದೆ. ಅಷ್ಟು ತಜ್ಞರು ಎಲ್ಲಿಂದ ಬರಬೇಕು?

ಆ 30 ಲಕ್ಷದಲ್ಲಿ ಕ್ಯಾನ್ಸರ್ ಸಿಗುವುದು ನೂರಕ್ಕೆ ಸುಮಾರು 6-7 ಜನರಿಗೆ. ನನಗೆ ಇಡೀ ವಿಷಯದಲ್ಲಿ ಹೆಚ್ಚು ಮುಖ್ಯ ಅನ್ನಿಸಿದ್ದು ಈ ಸಂಖ್ಯೆ. ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನೇ ತಗೊಂಡರೂ, ಅದು ಇರುವ ನೂರು ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಇರುವುದು ಸುಮಾರು 9 ಜನರಿಗೆ. ಆದರೆ ಮುಟ್ಟು ನಿಂತ ಮೇಲೆ ಗರ್ಭಕೋಶದ ಕ್ಯಾನ್ಸರ್ ಬಂದ ಹೆಂಗಸರಲ್ಲಿ ನೂರಕ್ಕೆ 90 ಜನರಿಗೆ ಈ ರಕ್ತಸ್ರಾವ ಇದ್ದೇ ಇರುತ್ತದೆ. ಅಂದರೆ ಎಲ್ಲರನ್ನೂ ನೋಡಲೇಬೇಕು, ನೋಡಿದವರಲ್ಲಿ ಹೆಚ್ಚಿನವರಿಗೆ "ಇಲ್ಲ" ಅನ್ನಬೇಕು. ಕ್ಯಾನ್ಸರ್ ಪತ್ತೆ ಅಂದರೆ ಕ್ಯಾನ್ಸರ್ ಹುಡುಕುವುದು ಅಂದುಕೊಂಡಿದ್ದೇವೆ. ದಿನದ ಕೆಲಸವಾಗಿ ನೋಡಿದರೆ ಅದು ತೊಂಬತ್ತಕ್ಕೂ ಜಾಸ್ತಿ ಜನರಿಗೆ ಬೇಗ, ಜವಾಬ್ದಾರಿಯಿಂದ "ಇಲ್ಲ" ಅಂತ ಹೇಳುವ ಕೆಲಸ. ಅದಕ್ಕೆ ಬೇಕಾದ್ದು ತಾಳ್ಮೆ, ಒಂದೇ ಕ್ರಮವನ್ನು ತಪ್ಪದೆ ಪಾಲಿಸುವ ಶಿಸ್ತು, ಮುಚ್ಚುಮರೆ ಇಲ್ಲದೆ ಮಾತಾಡಿಸುವ ಗುಣ. ಇವನ್ನೆಲ್ಲ ನರ್ಸ್‌ಗಳು ದಿನಾ ಮಾಡುತ್ತಲೇ ಇದ್ದಾರೆ, ಅಲ್ವಾ?

ಹೀಗೆ ಒಂದೊಂದೇ ಕೆಲಸ ನರ್ಸ್‌ಗಳ ಕೈಗೆ ಬಂತು. ಗರ್ಭಕೊರಳನ್ನು, ಅಂದರೆ ಗರ್ಭಕೋಶದ ಬಾಯಿಯನ್ನು, ಮಸೂರದಲ್ಲಿ ದೊಡ್ಡದಾಗಿ ಕಾಣುವ ಹಾಗೆ ನೋಡುವ ಕಾಲ್ಪೊಸ್ಕೋಪಿ, ಮೂತ್ರದಲ್ಲಿ ರಕ್ತ ಬಂದವರಿಗೆ ಮೂತ್ರಕೋಶದೊಳಗೆ ಕ್ಯಾಮೆರಾ, ಗಂಡಸರ ಪ್ರಾಸ್ಟೇಟ್ ಬಯಾಪ್ಸಿ, ಜಠರಕ್ಕೆ, ಕರುಳಿಗೆ ಎಂಡೋಸ್ಕೋಪಿ. ಅನುಮತಿ ಸುಮ್ನೆ ಸಿಗುವುದಿಲ್ಲ. ಕಾಲ್ಪೊಸ್ಕೋಪಿಗಾಗಲಿ ಎಂಡೋಸ್ಕೋಪಿಗಾಗಲಿ ಡಾಕ್ಟರಿಗೆ ಇರುವ ಅಳತೆಗೋಲೇ ನರ್ಸ್‌ಗೂ. ಇಷ್ಟು ಕೇಸು ಮೇಲ್ವಿಚಾರಣೆಯಲ್ಲಿ ಮಾಡಿರಬೇಕು, ಆಮೇಲೂ ಎಷ್ಟು ಕೇಸು ಮಾಡಿದ್ದೀರಿ, ಎಷ್ಟು ಸರಿ ಬಂತು ಅಂತ ಲೆಕ್ಕ ಕೊಡುತ್ತಿರಬೇಕು.

ಇದು ಸುರಕ್ಷಿತವಾ? ಈ ಪ್ರಶ್ನೆ ಕೇಳದೆ ಮುಂದೆ ಹೋಗುವುದು ತಪ್ಪು. ಉತ್ತರ ಕೊಡುವ ಒಳ್ಳೆಯ ಅಧ್ಯಯನ ಒಂದಿದೆ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 1,888 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರಿಗೆ ಡಾಕ್ಟರ್, ಕೆಲವರಿಗೆ ನರ್ಸ್ ಎಂಡೋಸ್ಕೋಪಿ ಮಾಡುವಂತೆ ಏರ್ಪಾಡು ಮಾಡಿದರು. 67 ಡಾಕ್ಟರ್, 30 ನರ್ಸ್. ಫಲಿತಾಂಶ 2009ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ವರ್ಷದ ನಂತರ ರೋಗಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅನ್ನನಾಳ ಮತ್ತು ಜಠರವನ್ನು ನರ್ಸ್‌ಗಳೇ ಹೆಚ್ಚು ಕೂಲಂಕಷವಾಗಿ ನೋಡಿದ್ದರು. ರೋಗಿಗಳಿಗೂ ನರ್ಸ್ ಮಾಡಿದ್ದೇ ಜಾಸ್ತಿ ಹಿಡಿಸಿತ್ತು.

ಆದರೆ ಅದೇ ಅಧ್ಯಯನ ಇನ್ನೊಂದು ಮಾತೂ ಹೇಳಿತು. ಖರ್ಚಿನ ಲೆಕ್ಕದಲ್ಲಿ ಡಾಕ್ಟರೇ ಲಾಭ ಇರಬಹುದು. ನರ್ಸ್ ಅಂದರೆ ಅಗ್ಗ ಅಂತ ಲೆಕ್ಕ ಹಾಕಿ ಈ ಕ್ಲಿನಿಕ್ ತೆರೆಯಲು ಹೊರಟವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ದುಡ್ಡು ಉಳಿಸಲು ನರ್ಸ್‌ಗೆ ಕೆಲಸ ಹೇರಿ, ತರಬೇತಿ, ಸಮಯ, ಮೇಲ್ವಿಚಾರಣೆ ಮೂರನ್ನೂ ಕತ್ತರಿಸಿದರೆ ರೋಗ ತಪ್ಪಿಹೋಗುತ್ತದೆ. ಆಗ ಬೈಗುಳ ತಿನ್ನುವವರು ಮತ್ತೆ ಅದೇ ನರ್ಸ್.

ಇಂಗ್ಲೆಂಡಿನಲ್ಲೂ ಎಲ್ಲ ಸರಿ ಇಲ್ಲ. ಕ್ಯಾನ್ಸರ್ ಅನುಮಾನ ಅಂತ ಕಳಿಸಿದವರಲ್ಲಿ ಚಿಕಿತ್ಸೆ ಬೇಕಾದ ನೂರರಲ್ಲಿ 85 ಜನರಿಗೆ 62 ದಿನದೊಳಗೆ ಅದು ಶುರುವಾಗಬೇಕು ಅನ್ನುವ ಗುರಿಯನ್ನು ಆ ದೇಶ 2015ರ ಕೊನೆಯಿಂದ ಈಚೆಗೆ ಮುಟ್ಟಿಲ್ಲ. ನರ್ಸ್ ಬೇಗ ಚೂರು ತೆಗೆದರೂ ಅದನ್ನು ನೋಡುವ ಪೆಥಾಲಜಿಸ್ಟ್ ಸಾಲುತ್ತಿಲ್ಲ, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ಸಾಲುತ್ತಿಲ್ಲ. ದಾರಿಯ ಒಂದು ತುದಿ ಅಗಲ ಮಾಡಿದರೆ ಸಾಲು ಇನ್ನೊಂದು ತುದಿಯಲ್ಲಿ ನಿಲ್ಲುತ್ತದೆ.

ಇಷ್ಟು ಓದಿದ ಮೇಲೆ "ಅದೆಲ್ಲ ಅವರಿಗೆ ಸರಿ, ನಮ್ಮಲ್ಲಿ ಆಗುವುದಾ" ಅಂತ ಅನ್ನಿಸುವುದು ಸಹಜ. ನನಗೂ ಅನ್ನಿಸಿತ್ತು, ದಿಂಡಿಗಲ್ ಬಗ್ಗೆ ಓದುವವರೆಗೆ. ತಮಿಳುನಾಡಿನ ದಿಂಡಿಗಲ್ ಬೆಂಗಳೂರಿನಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ. 2000ದಿಂದ 2003ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಕೆಲಸ ಇಂದಿಗೂ ಪ್ರಪಂಚದ ಆರೋಗ್ಯ ಪುಸ್ತಕಗಳಲ್ಲಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಡಾ. ಆರ್. ಶಂಕರನಾರಾಯಣನ್ ಅದರ ಮುಂದಾಳು. ಚೆನ್ನೈನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಅಂಬಿಳಿಕ್ಕೈ ಊರಿನ ಒಂದು ಸಮುದಾಯ ಆಸ್ಪತ್ರೆ ಜೊತೆಗಿದ್ದವು. ಪರೀಕ್ಷೆ ಮಾಡಿದವರು ತರಬೇತಿ ಪಡೆದ ನರ್ಸ್‌ಗಳು.

ಅವರು ಮಾಡಿದ ಪರೀಕ್ಷೆಗೆ ವಿಐಎ ಅಂತ ಹೆಸರು. ಅಡುಗೆಮನೆಯ ವಿನೆಗರ್ ಇದೆಯಲ್ಲ, ಅದೇ ಅಸಿಟಿಕ್ ಆಮ್ಲ, ನೂರಕ್ಕೆ 3ರಿಂದ 5 ಪಾಲಿನಷ್ಟು ತೆಳು ಮಾಡಿದ್ದು. ಹೆಂಗಸನ್ನು ಮಲಗಿಸಿ, ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಹಾಕಿ, ಹತ್ತಿಯಿಂದ ಗರ್ಭಕೊರಳಿಗೆ ಅದನ್ನು ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಒಳ್ಳೆಯ ಬೆಳಕಿನಲ್ಲಿ ನೋಡುತ್ತಾರೆ. ಆರೋಗ್ಯವಾಗಿದ್ದರೆ ಗುಲಾಬಿ ಬಣ್ಣ ಹಾಗೇ ಇರುತ್ತದೆ. ಮುಂದೆ ಕ್ಯಾನ್ಸರ್ ಆಗಬಹುದಾದ ಜಾಗ ಇದ್ದರೆ ಅಲ್ಲಿ ಮಾತ್ರ ದಟ್ಟವಾಗಿ ಬೆಳ್ಳಗಾಗುತ್ತದೆ. ಆ ಬಿಳುಪಿಗೆ ಅಂಚು ಇದೆಯಾ, ಎಷ್ಟು ಹರಡಿದೆ ಅಂತ ನೋಡುವುದರಲ್ಲೇ ಜಾಣತನ ಇರುವುದು. ಲ್ಯಾಬ್ ಬೇಡ, ಉತ್ತರ ಅಲ್ಲೇ.

ದಿಂಡಿಗಲ್‌ನ ನರ್ಸ್‌ಗಳು ಅಷ್ಟಕ್ಕೇ ನಿಲ್ಲಲಿಲ್ಲ. ಬಿಳುಪು ಕಂಡರೆ ಆ ಹೆಂಗಸನ್ನು ಚೀಟಿ ಕೊಟ್ಟು ದೊಡ್ಡಾಸ್ಪತ್ರೆಗೆ ಅಟ್ಟಲಿಲ್ಲ. ಅದೇ ಭೇಟಿಯಲ್ಲಿ ತಾವೇ ಕಾಲ್ಪೊಸ್ಕೋಪಿ ಮಾಡಿದರು. ಬೇಕಾದರೆ ಬಯಾಪ್ಸಿ ತೆಗೆದರು. ಚಿಕ್ಕ ಗಾಯವಾಗಿದ್ದರೆ ತಣ್ಣನೆಯ ಅನಿಲದಿಂದ ಹೆಪ್ಪುಗಟ್ಟಿಸಿ ನಾಶ ಮಾಡುವ ಕ್ರಯೋಥೆರಪಿಯನ್ನೂ ಅವರೇ ಮಾಡಿದರು. ದೊಡ್ಡ ಗಾಯ ಅಥವಾ ಕ್ಯಾನ್ಸರ್ ಅನ್ನಿಸಿದರೆ ಮಾತ್ರ ಮುಂದಕ್ಕೆ ಕಳಿಸಿದರು. 31,343 ಹೆಂಗಸರ ಪರೀಕ್ಷೆ ಆಯಿತು. 3,088 ಜನರಲ್ಲಿ ಅನುಮಾನ ಕಂಡಿತು. ಅವರಲ್ಲಿ 3,052 ಜನರಿಗೆ ಕಾಲ್ಪೊಸ್ಕೋಪಿ ಆಯಿತು. ತಪ್ಪಿಹೋದವರು ಬರೀ 36. ನಮ್ಮ ಯಾವುದಾದರೂ ಆರೋಗ್ಯ ಶಿಬಿರದಲ್ಲಿ ಅನುಮಾನ ಬಂದವರಲ್ಲಿ ಎಷ್ಟು ಜನ ಮುಂದಿನ ಪರೀಕ್ಷೆಗೆ ಹೋದರು ಅಂತ ಕೇಳಿ ನೋಡಿ. ಆಗ ಈ 36ರ ಬೆಲೆ ಗೊತ್ತಾಗುತ್ತದೆ.

2007ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಪರೀಕ್ಷೆಗೆ ಕರೆದ ಹಳ್ಳಿಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬರುವುದು ನೂರಕ್ಕೆ 25ರಷ್ಟು, ಅದರಿಂದ ಸಾಯುವುದು 35ರಷ್ಟು ಕಡಿಮೆಯಾಗಿತ್ತು. ಒಂದೇ ಸಲದ ಪರೀಕ್ಷೆಯಿಂದ.

ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಲ್ಲಿ ಶುರುಮಾಡಿದ ದೊಡ್ಡ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಕೊಳಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಅರ್ಧದಷ್ಟು ಜನರನ್ನು ವಿಐಎಗೆ ಕರೆದರು. ಅದನ್ನು ಮಾಡಿದವರು ನರ್ಸ್ ಕೂಡ ಅಲ್ಲ. ಹತ್ತನೇ ಕ್ಲಾಸ್ ಓದಿ, ನಾಲ್ಕು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಸಾವು ನೂರಕ್ಕೆ 31ರಷ್ಟು ಇಳಿಯಿತು.

ಈ ಅಧ್ಯಯನಗಳಲ್ಲಿ ನನಗೆ ನುಂಗಲು ಕಷ್ಟವಾಗುವ ಒಂದು ವಿಷಯ ಇದೆ, ಅದನ್ನು ಬಿಟ್ಟು ಹೇಳಿದರೆ ಅಪ್ರಾಮಾಣಿಕತೆ. ಹೋಲಿಕೆಗಾಗಿ ಇಟ್ಟುಕೊಂಡ ಊರುಗಳ ಹೆಂಗಸರಿಗೆ ಈ ಪರೀಕ್ಷೆ ಸಿಗಲಿಲ್ಲ. ಅವರಲ್ಲಿ ಸತ್ತವರು ಇದ್ದಾರೆ. ಇದು ಸರಿಯಾ ಅಂತ ಆಮೇಲೆ ದೊಡ್ಡ ಚರ್ಚೆಯೇ ಆಯಿತು. ನಮ್ಮಲ್ಲಿ ಪರೀಕ್ಷೆ ಇಲ್ಲದಿರುವುದೇ ವಾಡಿಕೆ, ಆದ್ದರಿಂದ ಅವರಿಗೆ ಏನೂ ತಪ್ಪಿಸಿದ ಹಾಗಲ್ಲ ಅನ್ನುವುದು ಸಂಶೋಧಕರ ಕಡೆಯ ವಾದವಾಗಿತ್ತು. ಆ ವಾದ ಒಪ್ಪುವುದು ಬಿಡುವುದು ಬೇರೆ. ಆ ಹೆಂಗಸರ ಜೀವದ ಬೆಲೆ ತೆತ್ತು ಸಿಕ್ಕ ತಿಳಿವಳಿಕೆಯನ್ನು ಈಗಲೂ ಕಪಾಟಿನಲ್ಲಿ ಇಟ್ಟುಕೊಂಡಿದ್ದೇವಲ್ಲ, ಅದನ್ನು ಯಾವ ವಾದದಿಂದಲೂ ಒಪ್ಪಲಾಗುವುದಿಲ್ಲ.

ಕಾಗದದ ಮೇಲೆ ಏನೂ ಇಲ್ಲ ಅಂತಲ್ಲ. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿಐಎ, ಜೊತೆಗೆ ಸ್ತನ ಮತ್ತು ಬಾಯಿಯ ಪರೀಕ್ಷೆ ಅಂತ ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿತು. ಮಾಡಬೇಕಾದವರು ಎಎನ್‌ಎಂ (ಉಪಕೇಂದ್ರದ ಆರೋಗ್ಯ ಸಹಾಯಕಿ), ಸ್ಟಾಫ್ ನರ್ಸ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇಳಿದಾಗ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಯಾವತ್ತಾದರೂ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 1.9. ಸ್ತನ ಪರೀಕ್ಷೆ ಆದವರು 0.9. ಅದೇ ದೇಶದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುತ್ತದೆ, 1.92 ಲಕ್ಷ ಜನರಿಗೆ ಸ್ತನ ಕ್ಯಾನ್ಸರ್.

ಕಾರಣ ಹುಡುಕಲು ತುಂಬಾ ದೂರ ಹೋಗಬೇಕಾಗಿಲ್ಲ. ಒಂದು ಉಪಕೇಂದ್ರದ ಬಾಗಿಲಲ್ಲಿ ನಿಂತರೆ ಸಾಕು. ಪರದೆ ಇರುವ ಕೋಣೆ ಬೇಕು, ಕರೆಂಟು ಹೋದರೂ ಆರದ ಬೆಳಕು ಬೇಕು, ಕುದಿಸಿ ಶುದ್ಧ ಮಾಡಿದ ಸಲಕರಣೆ ಬೇಕು. ಇವನ್ನು ಹೇಗಾದರೂ ಹೊಂದಿಸಬಹುದು. ಹೊಂದಿಸಲಾಗದ್ದು ಪರೀಕ್ಷೆಯ ಮಾರನೇ ದಿನ. ಬಿಳುಪು ಕಂಡಿತು, ಮುಂದೇನು? ಜಿಲ್ಲಾ ಆಸ್ಪತ್ರೆಗೆ ಹೋಗಿ ಅನ್ನಬೇಕು. ಯಾವ ದಿನ, ಯಾವ ಕೋಣೆ, ಯಾರನ್ನು ಕೇಳಬೇಕು ಅಂತ ಹೇಳಲು ಆ ಸಿಸ್ಟರಿಗೂ ಗೊತ್ತಿರುವುದಿಲ್ಲ. ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋದ ಹೆಂಗಸು ಮೂರು ಗಂಟೆ ಕಾದು ವಾಪಸ್ ಬಂದರೆ ಎರಡನೇ ಸಲ ಹೋಗುವುದಿಲ್ಲ. ಮುಂದಿನ ಬಾಗಿಲು ಮುಚ್ಚಿರುವಾಗ ಜನರಲ್ಲಿ ಭಯ ಹುಟ್ಟಿಸಲು ಯಾವ ನರ್ಸ್‌ಗೂ ಮನಸ್ಸು ಬರುವುದಿಲ್ಲ. ಪರೀಕ್ಷೆ ನಿಧಾನಕ್ಕೆ ನಿಂತುಹೋಗುತ್ತದೆ.

ಪರೀಕ್ಷೆಯ ಗುಣಮಟ್ಟದ ಪ್ರಶ್ನೆಯೂ ಸಣ್ಣದಲ್ಲ. ಮಹಾರಾಷ್ಟ್ರದ ಉಸ್ಮಾನಾಬಾದ್‌ನಲ್ಲಿ 1.3 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ವಿಐಎಯಿಂದ ಸಾವು ಅಷ್ಟೇನೂ ಇಳಿಯಲಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಇದೆಯಾ ಅಂತ ನೋಡುವ ಪರೀಕ್ಷೆಯಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2009ರ ಮಾತು ಇದು. ಕಣ್ಣಿಂದ ನೋಡುವ ಪರೀಕ್ಷೆ ನೋಡುವವರ ಕಣ್ಣಿನಷ್ಟೇ ಒಳ್ಳೆಯದು. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಮೊದಲ ಪರೀಕ್ಷೆಯಾಗಿ ಎಚ್‌ಪಿವಿಯನ್ನೇ ಮಾಡಿ ಅನ್ನುತ್ತದೆ. ಅದಕ್ಕೆ ಬೇಕಾದ ದ್ರವವನ್ನು ಹೆಂಗಸರು ತಾವೇ ಕೋಣೆಯೊಳಗೆ ಹೋಗಿ ಹತ್ತಿಕಡ್ಡಿಯಿಂದ ತೆಗೆದುಕೊಡಬಹುದು. ಹಾಗಾದರೆ ನರ್ಸ್ ಕೆಲಸ ಕಡಿಮೆ ಆಯಿತಾ? ನನ್ನ ಪ್ರಕಾರ ಜಾಸ್ತಿ ಆಯಿತು. ವೈರಸ್ ಇದೆ ಅಂದರೆ ಕ್ಯಾನ್ಸರ್ ಇದೆ ಅಂತಲ್ಲ. ಹಾಗಂತ ಬಿಡಿಸಿ ಹೇಳಬೇಕು, ಗರ್ಭಕೊರಳು ನೋಡಬೇಕು, ಬೇಕಾದರೆ ಅಲ್ಲೇ ಚಿಕಿತ್ಸೆ ಕೊಡಬೇಕು. ಅನುಮಾನ ಹುಟ್ಟಿದ ಮೇಲಿನ ಕೆಲಸವೇ ನಿಜವಾದ ಕೆಲಸ.

ನಮ್ಮ ರಾಜ್ಯದಲ್ಲಿ ಅನುಮಾನ ಹುಟ್ಟಿಸುವ ಏರ್ಪಾಡು ಈಗ ಬೆಳೆಯುತ್ತಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಬಾಯಲ್ಲಿ ಹುಣ್ಣು ಇದೆಯಾ, ಎದೆಯಲ್ಲಿ ಗಂಟು ಇದೆಯಾ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಾ ಅಂತ ಫಾರಂ ತುಂಬುತ್ತಾರೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯೂ ಇದೇ ದಾರಿಯದು. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಹೆಚ್ಚಿನವರು ಬಿಎಸ್ಸಿ ನರ್ಸಿಂಗ್ ಓದಿದವರು. ಇತ್ತ ಒಂದು ತುದಿಯಲ್ಲಿ ಇವರು. ಅತ್ತ ಇನ್ನೊಂದು ತುದಿಯಲ್ಲಿ 1973ರಿಂದ ಇರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಅದರ ಕಲಬುರಗಿ ಕೇಂದ್ರ, ಕೆಲವು ಮೆಡಿಕಲ್ ಕಾಲೇಜುಗಳು. ನಡುವೆ ಏನಿದೆ? ನಡುವೆ ಚಿಕ್ಕಮ್ಮನ ಏಳು ತಿಂಗಳು ಇದೆ.

ಆ ನಡುವಿನ ಜಾಗಕ್ಕೆ ತಜ್ಞ ಡಾಕ್ಟರುಗಳನ್ನೇ ಹಾಕಿ ಅನ್ನುವವರಿದ್ದಾರೆ. ಹಾಕಿದರೆ ನನಗೂ ಸಂತೋಷ. ಆದರೆ ಕೇಂದ್ರದ್ದೇ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ 2022ರಲ್ಲಿ ದೇಶದ ಹಳ್ಳಿ ಭಾಗದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರಲ್ಲಿ ನೂರಕ್ಕೆ ಸುಮಾರು 80ರಷ್ಟು ಕೊರತೆ. ನರ್ಸ್ ಒಳ್ಳೆಯವರಾ, ತಜ್ಞ ಡಾಕ್ಟರ್ ಒಳ್ಳೆಯವರಾ ಅನ್ನುವ ಚರ್ಚೆ ಲಂಡನ್ನಿನಲ್ಲಿ ನಡೆಯಬಹುದು. ನಮ್ಮ ತಾಲ್ಲೂಕುಗಳಲ್ಲಿ ಪ್ರಶ್ನೆ ಬೇರೆ. ಒಂದು ಕಡೆ ನರ್ಸ್, ಇನ್ನೊಂದು ಕಡೆ ಖಾಲಿ ಕುರ್ಚಿ.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ, ಗೊತ್ತಾದ ದಿನ, ಒಂದು ಕೋಣೆ. ಬೇರೆ ವಾರ್ಡ್ ಕೆಲಸಕ್ಕೆ ಎಳೆಯದ ಇಬ್ಬರು ನರ್ಸ್. ಕಿದ್ವಾಯಿಯಂಥ ಕಡೆ ಕೆಲವು ತಿಂಗಳು ಕೂತು ಕಲಿತವರು. ಬಾಯಿಯ ಬಿಳಿ ಮಚ್ಚೆ, ಎದೆಯ ಗಂಟು, ಮುಟ್ಟು ನಿಂತ ಮೇಲಿನ ರಕ್ತ, ಎಚ್‌ಪಿವಿ ಬಂದವರು, ಇಷ್ಟನ್ನು ನೋಡಲಿ. ಸ್ಕ್ಯಾನಿಗೆ, ಎಕ್ಸ್‌ರೇಗೆ, ಮ್ಯಾಮೋಗ್ರಾಮಿಗೆ ಅವರ ಸಹಿಯ ಚೀಟಿ ನಡೆಯಲಿ. ಪೈಪೆಲ್‌ನಿಂದ ಚೂರು ತೆಗೆಯಲಿ, ಜಿಲ್ಲೆಯ ಪೆಥಾಲಜಿಸ್ಟ್ ಇಷ್ಟು ದಿನದೊಳಗೆ ರಿಪೋರ್ಟ್ ಕೊಡಲಿ. ಗೊಂದಲ ಆದರೆ ಫೋಟೋ ಕಳಿಸಿ ಕೇಳಲು ಒಬ್ಬ ತಜ್ಞರು ಫೋನಿನಲ್ಲಿ ಸಿಗಲಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ರಿಜಿಸ್ಟರ್. ಯಾರು ಬಂದರು, ಯಾರು ಮತ್ತೆ ಬರಲಿಲ್ಲ, ಬರದವರಿಗೆ ಯಾರು ಫೋನ್ ಮಾಡಿದರು ಅಂತ.

ಕಾನೂನು ಅಡ್ಡ ಬರುತ್ತದಾ? ಸ್ವಲ್ಪ ಮಟ್ಟಿಗೆ ಬರುತ್ತದೆ. ಹೆಣ್ಣು ಭ್ರೂಣಹತ್ಯೆ ತಡೆಯಲು ಬಂದ 1994ರ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಯಂತ್ರವನ್ನು ಅರ್ಹ ಡಾಕ್ಟರ್ ಮಾತ್ರ ಮುಟ್ಟಬಹುದು. ಆ ಕಾಯ್ದೆಗೆ ಒಳ್ಳೆಯ ಕಾರಣ ಇದೆ, ಅದನ್ನು ಸಡಿಲ ಮಾಡಿ ಅಂತ ನಾನು ಹೇಳುವುದಿಲ್ಲ. ಆದ್ದರಿಂದ ಇಂಗ್ಲೆಂಡಿನ ಹಾಗೆ ನರ್ಸ್ ತಾವೇ ಸ್ಕ್ಯಾನ್ ಮಾಡುವುದು ಇಲ್ಲಿ ಆಗುವುದಿಲ್ಲ. ಆದರೆ ಅರವತ್ತು ವರ್ಷದ ಹೆಂಗಸಿಗೆ ಸ್ಕ್ಯಾನ್ ಬೇಕು ಅಂತ ನರ್ಸ್ ಬರೆದರೆ ಸಾಕು, ಅದನ್ನೇ ಚೀಟಿ ಅಂತ ತಗೊಂಡು ರೇಡಿಯಾಲಜಿಸ್ಟ್ ಸ್ಕ್ಯಾನ್ ಮಾಡಬೇಕು ಅನ್ನುವ ಸರ್ಕಾರಿ ಆದೇಶ ಹೊರಡಿಸಬಹುದಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ಡಾಕ್ಟರ್ ಅಲ್ಲದ ಆರೋಗ್ಯ ಸೇವಕರಿಗೆ ಮಿತಿಯೊಳಗೆ ಚಿಕಿತ್ಸೆಯ ಲೈಸೆನ್ಸ್ ಕೊಡುವ ಮಾತಾಡಿತ್ತು. ಡಾಕ್ಟರುಗಳ ಸಂಘ ಬೀದಿಗಿಳಿಯಿತು. ನಕಲಿ ಡಾಕ್ಟರುಗಳಿಗೆ ಬಾಗಿಲು ತೆರೆದಂತಾಗುತ್ತದೆ ಅನ್ನುವ ಅವರ ಹೆದರಿಕೆ ಸುಳ್ಳಲ್ಲ. ಆದರೆ ನಾಲ್ಕು ವರ್ಷ ಓದಿ, ಕೌನ್ಸಿಲ್‌ನಲ್ಲಿ ನೋಂದಾಯಿಸಿದ ನರ್ಸ್‌ಗೂ ಬೀದಿ ಬದಿಯ ನಕಲಿಗೂ ಒಂದೇ ತಕ್ಕಡಿಯಾ? 2023ರಲ್ಲಿ ನರ್ಸಿಂಗ್‌ಗೆ ಅಂತಲೇ ಹೊಸ ಆಯೋಗದ ಕಾಯ್ದೆ ಬಂದಿದೆ. ನರ್ಸ್ ಏನೇನು ಮಾಡಬಹುದು ಅಂತ ಬರೆಯಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ.

ಬರೆದ ಮೇಲೆ ಸಂಬಳವನ್ನೂ ಬರೆಯಬೇಕು. ನಮ್ಮ ಸಮುದಾಯ ಆರೋಗ್ಯ ಅಧಿಕಾರಿಗಳು ಗುತ್ತಿಗೆ ನೌಕರರು. ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುವ ಜವಾಬ್ದಾರಿ ಕೊಟ್ಟು ವರ್ಷ ವರ್ಷ ಗುತ್ತಿಗೆ ಮುಂದುವರಿಸುವುದು ನ್ಯಾಯ ಅಲ್ಲ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಮಂಗಳೂರಲ್ಲೋ ಬೆಂಗಳೂರಲ್ಲೋ ಓದಿದ ಹುಡುಗಿ ಪರೀಕ್ಷೆ ಬರೆದು ಇಂಗ್ಲೆಂಡಿಗೆ ಹೋಗುತ್ತಾಳೆ. ಅಲ್ಲಿ ಕೆಲವು ವರ್ಷ ದುಡಿದು, ಕಲಿತು ತಜ್ಞ ನರ್ಸ್ ಆಗುವ ದಾರಿ ಅವಳಿಗೆ ತೆರೆದಿದೆ. ಅದೇ ಕಾಲೇಜಿನಲ್ಲಿ ಪಕ್ಕದ ಬೆಂಚಲ್ಲಿ ಕೂತು ಓದಿ ಇಲ್ಲೇ ಉಳಿದವಳು ಬಿಪಿ ನೋಡಿ ಫಾರಂ ತುಂಬುತ್ತಾ ಇರುತ್ತಾಳೆ.

ಚಿಕ್ಕಮ್ಮನಿಗೆ ಆಪರೇಷನ್ ಆಯಿತು, ರೇಡಿಯೇಷನ್ ಆಯಿತು, ಈಗ ಚೆನ್ನಾಗಿದ್ದಾರೆ. ಊರಿಗೆ ವಾಪಸ್ ಬಂದ ಮೇಲೆ ಒಂದು ಮೊಳ ಮಲ್ಲಿಗೆ, ಎರಡು ತೆಂಗಿನಕಾಯಿ ಹಿಡಿದು ಆ ಸಿಸ್ಟರನ್ನು ನೋಡಲು ಹೋದರು. ನಾನೂ ಜೊತೆಗಿದ್ದೆ. ಸಿಸ್ಟರ್ ಡ್ರಾಯರ್ ಎಳೆದು ಒಂದು ಸಣ್ಣ ನೋಟ್‌ಬುಕ್ ತೆಗೆದರು. ಆಸ್ಪತ್ರೆಯದ್ದಲ್ಲ, ಅಂಗಡಿಯಿಂದ ತಂದದ್ದು. ಹೀಗೆ ತಮ್ಮ ಕಿವಿಯಲ್ಲಿ ಹೇಳಿಕೊಂಡವರ ಹೆಸರು, ಊರು, ತಾರೀಕು ಬರೆದಿಟ್ಟಿದ್ದರು. ಚಿಕ್ಕಮ್ಮನ ಹೆಸರು ಹುಡುಕಿ ಅದರ ಮುಂದೆ ಟಿಕ್ ಹಾಕಿದರು. "ಇವರೆಲ್ಲ ಏನಾದರು ಸಿಸ್ಟರ್?" ಅಂತ ನಾನು ಉಳಿದ ಹೆಸರುಗಳನ್ನು ತೋರಿಸಿ ಕೇಳಿದೆ. "ಹೋಗಿ ತೋರಿಸಿ ಅಂತ ಹೇಳಿದ್ದೆ" ಅಂದರು. ಆ ಪುಟದಲ್ಲಿ ಹನ್ನೊಂದು ಹೆಸರುಗಳಿದ್ದವು. ಟಿಕ್ ಇದ್ದದ್ದು ಎರಡಕ್ಕೆ.